ಹಲ್ಲುನೋವಿಗೆಲ್ಲ ‘ಫುಲ್ ಸ್ಕ್ಯಾನ್’ ಬೇಕೇ?

ಸಂಪಾದಕರಿಗೆ,

ಮಾನ್ಯರೇ,

‘ಡಾಕ್ಟ್ರೇ, ಚಿಕ್ಕ ಎಕ್ಸ್‌ರೇ ಬೇಡ, ಒಂದೇ ಸಲಕ್ಕೆ ಇಡೀ ಬಾಯಿಯ ಸ್ಕ್ಯಾನ್ ಮಾಡಿಬಿಡಿ’ ಎಂಬ ಮಾತು ದಂತ ಚಿಕಿತ್ಸಾಲಯಗಳಲ್ಲಿ ಈಗ ಸಾಮಾನ್ಯ. ಚಿತ್ರ ದೊಡ್ಡದಾದಷ್ಟೂ ರೋಗ ಚೆನ್ನಾಗಿ ಕಾಣುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ರೋಗಿಯ ಬಾಯಿ ನೋಡುವ ಮೊದಲೇ ಒಪಿಜಿಗೆ, ಅಂದರೆ ಎರಡೂ ದವಡೆಗಳನ್ನು ಒಂದೇ ಚಿತ್ರದಲ್ಲಿ ತೋರಿಸುವ ದೊಡ್ಡ ಎಕ್ಸ್‌ರೇಗೆ, ಚೀಟಿ ಬರೆದುಕೊಡುವ ವೈದ್ಯರೂ ಇದ್ದಾರೆ. ಎರಡೂ ತಪ್ಪು. ಯಾವ ಪ್ರಶ್ನೆಗೆ ಉತ್ತರ ಬೇಕು ಎಂಬುದು ಮೊದಲು ತೀರ್ಮಾನವಾಗಬೇಕು. ಯಾವ ಚಿತ್ರ ಎಂಬುದು ಆಮೇಲಿನ ಮಾತು.

ಎರಡು ದವಡೆ ಹಲ್ಲುಗಳ ಸಂದಿನಲ್ಲಿ ಹುಳುಕು ಹತ್ತಿದೆಯೇ ಎಂದು ತಿಳಿಯಬೇಕಾದರೆ ಬೇಕಿರುವುದು ಬೈಟ್‌ವಿಂಗ್ ಎಂಬ ಚಿಕ್ಕ ಎಕ್ಸ್‌ರೇ. ದೊಡ್ಡವರಿಗೆ ಬಳಸುವ ಫಿಲ್ಮ್ 31 ಮಿ.ಮೀ. ಅಗಲ, 41 ಮಿ.ಮೀ. ಉದ್ದ, ಅಷ್ಟೇ. ಅದನ್ನು ಕಚ್ಚಿ ಹಿಡಿದಾಗ ಮೇಲಿನ ಮತ್ತು ಕೆಳಗಿನ ಹಲ್ಲುಗಳ ಹೊರಗೆ ಕಾಣುವ ಭಾಗ, ಅವುಗಳ ನಡುವಿನ ಮೂಳೆಯ ಅಂಚು ಎಲ್ಲವೂ ಒಂದೇ ಚಿತ್ರದಲ್ಲಿ ಬರುತ್ತವೆ. ಕಿರಣ ಎರಡು ಹಲ್ಲು ತಾಗುವ ಜಾಗದಲ್ಲಿ ನೇರವಾಗಿ ತೂರಿ ಹೋಗಬೇಕು. ಕಿರಣ ಹೊರಡಿಸುವ ಟ್ಯೂಬು ಅಕ್ಕಪಕ್ಕಕ್ಕೆ ಸ್ವಲ್ಪ ಓರೆಯಾದರೂ ಹಲ್ಲುಗಳ ನೆರಳು ಒಂದರ ಮೇಲೊಂದು ಬಿದ್ದು, ನೋಡಬೇಕಾದ ಜಾಗವೇ ಮುಚ್ಚಿಹೋಗುತ್ತದೆ. ಒಪಿಜಿಯಲ್ಲಿ ಮುಂದವಡೆ ಹಲ್ಲುಗಳ ನಡುವೆ ಈ ತೊಡಕು ಇದ್ದೇ ಇರುತ್ತದೆ. ಹಾಗಾಗಿ ಸಂದಿನ ಚಿಕ್ಕ ಹುಳುಕಿಗೆ ಒಪಿಜಿ ನಂಬಿ ಕೂರುವಂತಿಲ್ಲ.

ಬೈಟ್‌ವಿಂಗ್‌ಗೂ ಮಿತಿಯಿದೆ. ಹಲ್ಲಿನ ಖನಿಜಾಂಶ ಶೇ 30ರಿಂದ 40ರಷ್ಟು ಕರಗುವವರೆಗೆ ಎಕ್ಸ್‌ರೇಯಲ್ಲಿ ಕಪ್ಪು ಮೂಡುವುದಿಲ್ಲ. ಚಿತ್ರದಲ್ಲಿ ಕಂಡದ್ದಕ್ಕಿಂತ ಹುಳುಕು ಸಾಮಾನ್ಯವಾಗಿ ಆಳವಾಗಿಯೇ ಇರುತ್ತದೆ. ಇದಕ್ಕೆ ತದ್ವಿರುದ್ಧವಾದ ಮೋಸವೂ ಉಂಟು. ಹಲ್ಲಿನ ಕತ್ತಿನ ಭಾಗ, ಅಂದರೆ ಮೇಲಿನ ಎನಾಮೆಲ್‌ಗೂ ಕೆಳಗಿನ ಮೂಳೆಗೂ ನಡುವಿನ ಪಟ್ಟಿ, ಕಿರಣವನ್ನು ಕಡಿಮೆ ತಡೆಯುವುದರಿಂದ ಅಲ್ಲಿ ಸಹಜವಾಗಿಯೇ ಮಬ್ಬುಗಪ್ಪು ಕಾಣುತ್ತದೆ. ಅದನ್ನು ಹುಳುಕೆಂದು ಕೊರೆದರೆ ಒಳ್ಳೆಯ ಹಲ್ಲು ಹಾಳು. ಮೊನೆಯಿರುವ ಸಲಕರಣೆಯಿಂದ ಆ ಜಾಗವನ್ನು ಮುಟ್ಟಿ ನೋಡಿದರೆ ಅನುಮಾನ ಬಗೆಹರಿಯುತ್ತದೆ.

ನೋವು ಬೇರಿನ ತುದಿಯದ್ದಾದರೆ ಐಓಪಿಎ, ಅಂದರೆ ಹಲ್ಲನ್ನು ಬೇರಿನ ಸಮೇತ ತೋರಿಸುವ ಚಿಕ್ಕ ಎಕ್ಸ್‌ರೇ, ಬೇಕು. ಮೂರು ನಾಲ್ಕು ಹಲ್ಲುಗಳು ತುದಿಯಿಂದ ಬುಡದವರೆಗೆ, ಬೇರಿನಾಚೆ 2–3 ಮಿ.ಮೀ. ಮೂಳೆಯ ಸಮೇತ ಬಂದಿರಬೇಕು. ಬೇರಿನ ತುದಿ ಕತ್ತರಿಸಿಹೋದ ಫಿಲ್ಮಿನಿಂದ ಏನೂ ಹೇಳಲಾಗದು. ರೋಗಿಯ ಬೆರಳಿನಿಂದಲೇ ಫಿಲ್ಮ್ ಹಿಡಿಸಿ ತೆಗೆಯುವ ಹಳೆಯ ರೂಢಿ ಇನ್ನೂ ಹೋಗಿಲ್ಲ. ಆಗ ಟ್ಯೂಬಿನ ಮೇಲೆ–ಕೆಳಗಿನ ಓರೆಯ ಕೋನ ಕಡಿಮೆಯಾದರೆ ಹಲ್ಲು ಉದ್ದವಾಗಿ, ಹೆಚ್ಚಾದರೆ ಮೊಟಕಾಗಿ ಕಾಣುತ್ತದೆ. ಅಂಥ ಚಿತ್ರದ ಮೇಲೆ ರೂಟ್ ಕೆನಾಲ್‌ನ ಉದ್ದ ಅಳೆದರೆ ಬೇರಿನೊಳಗೆ ತೂರಿಸುವ ಸೂಜಿಯಂಥ ಫೈಲು ಬೇರಿನಾಚೆ ದಾಟುವುದು ಅಥವಾ ಅರ್ಧಕ್ಕೇ ನಿಲ್ಲುವುದು ಆಶ್ಚರ್ಯವಲ್ಲ. ಫಿಲ್ಮನ್ನು ಹಲ್ಲಿಗೆ ಸಮಾನಾಂತರವಾಗಿ ಹಿಡಿಯುವ ಹೋಲ್ಡರ್ ಬಳಸಿದರೆ ಈ ತಾಪತ್ರಯ ಬಹುಪಾಲು ತಪ್ಪುತ್ತದೆ. ಎಕ್ಸ್‌ರೇ ಶುದ್ಧವಾಗಿದ್ದೂ ನೋವು ಜೋರಾಗಿರುವುದು ಸಾಧ್ಯ. ಬೇರಿನ ತುದಿಯ ಸೋಂಕು ಹೊರಗಿನ ಗಟ್ಟಿ ಮೂಳೆಯನ್ನು ಸವೆಸುವ ತನಕ ಚಿತ್ರದಲ್ಲಿ ಸರಿಯಾಗಿ ಕಾಣಿಸಿಕೊಳ್ಳುವುದಿಲ್ಲ. ‘ಎಕ್ಸ್‌ರೇಯಲ್ಲಿ ಏನೂ ಇಲ್ಲ’ ಎಂಬ ಕಾರಣಕ್ಕೆ ರೋಗಿಯ ಮಾತನ್ನು ತಳ್ಳಿಹಾಕುವಂತಿಲ್ಲ.

ಬೇರಿನ ತುದಿಯಲ್ಲಿ ಕಂಡ ಕಪ್ಪೆಲ್ಲ ಕೀವಲ್ಲ ಎಂಬ ವಿಚಾರವನ್ನು ಮಾತ್ರ ಸ್ವಲ್ಪ ವಿವರವಾಗಿಯೇ ಹೇಳಬೇಕು. ಕೆಳದವಡೆಯ ಮುಂದವಡೆ ಹಲ್ಲುಗಳ ಬಳಿ ನರ ಹೊರಬರುವ ಒಂದು ರಂಧ್ರವಿದೆ. ಮೇಲಿನ ನಡುಬಾಚಿಹಲ್ಲುಗಳ ಹಿಂದೆ ಅಂಗುಳಿನಲ್ಲಿ ಇನ್ನೊಂದಿದೆ. ಇವುಗಳ ನೆರಳು ಬೇರಿನ ತುದಿಯ ಮೇಲೇ ಬಿದ್ದರೆ ಕೀವಿನ ಗಂಟಿನಂತೆ ತೋರುತ್ತದೆ. ಪರೀಕ್ಷೆ ಸರಳ. ಟ್ಯೂಬನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ಫಿಲ್ಮ್ ತೆಗೆಯಬೇಕು. ಕಪ್ಪು ಬೇರಿನಿಂದ ದೂರ ಸರಿದರೆ ಅದು ರಂಧ್ರ. ಬೇರಿಗೆ ಅಂಟಿಕೊಂಡೇ ಇದ್ದರೆ ರೋಗದ ಅನುಮಾನ ಬಲವಾಗುತ್ತದೆ. ಬೇರನ್ನು ಸುತ್ತುವ ತೆಳು ಬಿಳಿಗೆರೆ ಎಲ್ಲೂ ಕಡಿಯದೆ ಇದೆಯೇ ಎಂದೂ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಲ್ಲು ಜೀವಂತವಾಗಿದೆಯೇ ಎಂದು ತಣ್ಣನೆಯ ಸ್ಪರ್ಶದಿಂದಲೋ ವಿದ್ಯುತ್ ಪರೀಕ್ಷೆಯಿಂದಲೋ ತಿಳಿಯಬೇಕು. ಕೆಳಗಿನ ಬಾಚಿಹಲ್ಲುಗಳ ಬುಡದಲ್ಲಿ ಮೂಳೆಯೇ ಬದಲಾಗುವ ಒಂದು ನಿರಪಾಯಕಾರಿ ಸ್ಥಿತಿಯೂ ಇದೆ. ಮೊದಲ ಹಂತದಲ್ಲಿ ಅದು ಥೇಟು ಕೀವಿನ ಗಂಟಿನಂತೆ ಕಪ್ಪಾಗಿ ಕಾಣುತ್ತದೆ. ಹಲ್ಲುಗಳು ಮಾತ್ರ ಜೀವಂತ. ಚಳಿಯ ಪರೀಕ್ಷೆ ಮಾಡದೆ ರೂಟ್ ಕೆನಾಲ್‌ಗೆ ಕೈಹಾಕಿದರೆ ಆರೋಗ್ಯವಾಗಿದ್ದ ಹಲ್ಲುಗಳ ನರ ಸುಮ್ಮನೆ ಬಲಿಯಾಗುತ್ತದೆ.

ಹಾಗಾದರೆ ಒಪಿಜಿ ನಿಷ್ಪ್ರಯೋಜಕವೇ? ಖಂಡಿತ ಅಲ್ಲ. ಹೂತುಹೋದ ಬುದ್ಧಿಹಲ್ಲು, ಮಕ್ಕಳಲ್ಲಿ ಇನ್ನೂ ಹುಟ್ಟದ ಹಲ್ಲು, ದವಡೆಯೊಳಗಿನ ದೊಡ್ಡ ಸಿಸ್ಟ್ (ದ್ರವ ತುಂಬಿದ ಚೀಲ) ಮತ್ತು ಗೆಡ್ಡೆ, ಪೆಟ್ಟಿನಿಂದಾದ ಮುರಿತ ಇವಕ್ಕೆಲ್ಲ ಮೊದಲ ಚಿತ್ರ ಅದೇ. ಮುರಿತದ ಅನುಮಾನವಿದ್ದರೆ ಮೊದಲಿನದಕ್ಕೆ ಲಂಬವಾದ ದಿಕ್ಕಿನಿಂದ ಇನ್ನೊಂದು ಚಿತ್ರವೂ ಬೇಕು. ಕೆಳದವಡೆ ಎರಡು ಕಡೆ ಮುರಿಯುವುದು ಅಪರೂಪವಲ್ಲ. ಒಂದು ಮುರಿತ ಕಂಡ ತಕ್ಷಣ ಹುಡುಕಾಟ ನಿಲ್ಲಿಸಬಾರದು.

ಒಪಿಜಿ ಕೆಡುವುದು ಹೆಚ್ಚಾಗಿ ನಿಲ್ಲಿಸುವ ರೀತಿಯಿಂದ. ಯಂತ್ರ ತಲೆಯ ಸುತ್ತ ತಿರುಗುವಾಗ ಕುದುರೆಲಾಳದಾಕಾರದ ಒಂದು ಪಟ್ಟಿಯಷ್ಟೇ ಸ್ಪಷ್ಟವಾಗಿ ಮೂಡುತ್ತದೆ. ಹಲ್ಲುಗಳು ಅದರ ಮುಂದಕ್ಕೆ ಬಂದರೆ ಬಾಚಿಹಲ್ಲು ಸಪೂರ, ಹಿಂದಕ್ಕೆ ಹೋದರೆ ಅಗಲ. ಗದ್ದ ತೀರಾ ಬಗ್ಗಿದರೆ ಹಲ್ಲುಸಾಲು ಅತಿಯಾಗಿ ನಕ್ಕಂತೆ ಬಾಗುತ್ತದೆ. ಕತ್ತು ಕುಗ್ಗಿಸಿ ನಿಂತರೆ ಬೆನ್ನುಮೂಳೆಯ ಬಿಳಿ ನೆರಳು ನಟ್ಟನಡುವೆ ಬಿದ್ದು ಮುಂದಿನ ಹಲ್ಲುಗಳನ್ನು ಮುಚ್ಚುತ್ತದೆ. ನಾಲಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿಯದಿದ್ದರೆ ಮೇಲಿನ ಬೇರುಗಳ ಮೇಲೆ ಗಾಳಿಯ ಕಪ್ಪು ಪಟ್ಟೆ ಹಾಯುತ್ತದೆ. ಓಲೆ ತೆಗೆಯದೆ ನಿಂತರಂತೂ ಎಡಗಿವಿಯ ಓಲೆ ಬಲಗಡೆಯಲ್ಲಿ, ಇನ್ನೂ ಮೇಲೆ, ದೊಡ್ಡದಾಗಿ ಮಸುಕಾಗಿ ದೆವ್ವದಂತೆ ಕಾಣಿಸಿಕೊಳ್ಳುತ್ತದೆ. ಹತ್ತು ಹದಿನೈದು ಸೆಕೆಂಡು ಅಲುಗದೆ ನಿಲ್ಲುವುದು ರೋಗಿಯ ಪಾಲಿನ ಕೆಲಸ. ಇನ್ನು ಒಪಿಜಿಯಲ್ಲಿ ಎಲ್ಲವೂ ಸುಮಾರು ಶೇ 20ರಿಂದ 30ರಷ್ಟು ಹಿಗ್ಗಿರುತ್ತದೆ, ಅದೂ ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ. ಅದರ ಮೇಲೆ ಸ್ಕೇಲ್ ಇಟ್ಟು ಇಂಪ್ಲಾಂಟ್‌ನ ಉದ್ದ ನಿರ್ಧರಿಸುವುದು ಅಪಾಯ.

ಆ ಅಳತೆಗೆ ಸಿಬಿಸಿಟಿಯೇ, ಅಂದರೆ ದವಡೆಯ ಮೂರು ಆಯಾಮದ ಸ್ಕ್ಯಾನೇ, ಸರಿ. ಕೆಳಗಿನ ಬುದ್ಧಿಹಲ್ಲಿನ ವಿಷಯದಲ್ಲೂ, ಒಪಿಜಿಯಲ್ಲಿ ನರದ ನಾಳದ ಬಿಳಿಗೆರೆ ಬೇರಿನ ಬಳಿ ಕಡಿದಿದ್ದರೆ, ನಾಳ ದಿಕ್ಕು ಬದಲಿಸಿದ್ದರೆ ಅಥವಾ ಬೇರು ಆ ಜಾಗದಲ್ಲಿ ಕಪ್ಪಾಗಿದ್ದರೆ ಸಿಬಿಸಿಟಿ ಮಾಡಿಸುವುದರಲ್ಲಿ ಅರ್ಥವಿದೆ. ಆದರೆ ಲೋಹವೆಂದರೆ ಅದಕ್ಕೆ ಆಗದು. ಕ್ಯಾಪ್, ಬೇರಿನೊಳಗೆ ಕೂರಿಸುವ ಪೋಸ್ಟ್, ಇಂಪ್ಲಾಂಟ್‌ಗಳ ಪಕ್ಕದಲ್ಲಿ ಕಪ್ಪು ಗೆರೆಗಳು ಹುಟ್ಟುತ್ತವೆ. ರೂಟ್ ಕೆನಾಲ್ ಆದ ಹಲ್ಲಿನಲ್ಲಿ ಇಂಥ ಗೆರೆಯನ್ನು ಬೇರಿನ ಬಿರುಕೆಂದು ಓದಿ ಹಲ್ಲು ಕೀಳುವ ತಪ್ಪು ಆಗುವುದು ಇಲ್ಲಿಯೇ. ಒಂದು ಹಲ್ಲಿನ ಸಂಶಯಕ್ಕೆ ಎರಡೂ ದವಡೆ ಸ್ಕ್ಯಾನ್ ಮಾಡುವ ಅಗತ್ಯವೂ ಇಲ್ಲ. ಚಿಕ್ಕ ವ್ಯಾಪ್ತಿ ಆರಿಸಿದರೆ ವಿಕಿರಣ ಕಡಿಮೆ, ವಿವರ ಹೆಚ್ಚು.

ಕೆನ್ನೆಯ ಒಳಪದರದ ಬಿಳಿ ಅಥವಾ ಕೆಂಪು ಮಚ್ಚೆ ಮೇಲೆ ಹೇಳಿದ ಯಾವ ಚಿತ್ರದಲ್ಲೂ ಕಾಣುವುದಿಲ್ಲ. ಎಕ್ಸ್‌ರೇ ಚೆನ್ನಾಗಿದೆಯೆಂದು ಬಾಯಿ ಕ್ಯಾನ್ಸರ್ ಇಲ್ಲವೆಂದುಕೊಳ್ಳುವುದು ದೊಡ್ಡ ಪ್ರಮಾದ. ಅಲ್ಲಿ ಬಾಯಿಯನ್ನು ಕಣ್ಣಾರೆ ನೋಡುವ ತಪಾಸಣೆ ಮತ್ತು ಬಯಾಪ್ಸಿಯೇ ಆಧಾರ. ಬಾಯಿ ತೆರೆಯುವಾಗ ಕಿವಿಯ ಮುಂದೆ ‘ಕಟ್’ ಎನ್ನುವ ಕೀಲಿನ ಡಿಸ್ಕ್ ನೋಡಲು ಎಂಆರ್‌ಐ ಬೇಕು, ಬಾಯಿ ಮುಚ್ಚಿ ಒಮ್ಮೆ, ತೆರೆದು ಒಮ್ಮೆ. ಜೊಲ್ಲುಗ್ರಂಥಿಯ ಕಲ್ಲಿಗೆ ಅಲ್ಟ್ರಾಸೌಂಡ್ ಒಳ್ಳೆಯ ಆರಂಭ.

ವಿಕಿರಣದ ಭಯದ ಬಗ್ಗೆ ಎರಡು ಮಾತು. ಚಿಕ್ಕ ಡಿಜಿಟಲ್ ಎಕ್ಸ್‌ರೇಯಿಂದ ತಗಲುವುದು ಕೆಲವೇ ಮೈಕ್ರೋಸೀವರ್ಟ್. ನಿಸರ್ಗದಿಂದ ನಮಗೆ ತಗಲುವ ವಿಕಿರಣದ ವಿಶ್ವ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್, ಅಂದರೆ ದಿನಕ್ಕೆ ಆರೇಳು ಮೈಕ್ರೋಸೀವರ್ಟ್. ಸಿಬಿಸಿಟಿಯದು ವ್ಯಾಪ್ತಿ ಮತ್ತು ಯಂತ್ರವನ್ನು ಅವಲಂಬಿಸಿ ಹತ್ತಾರರಿಂದ ನೂರಾರು ಮೈಕ್ರೋಸೀವರ್ಟ್‌ವರೆಗೂ ಹೋಗಬಹುದು. ಸೀಸದ ಏಪ್ರನ್ ಮತ್ತು ಕತ್ತಿಗೆ ಸುತ್ತುವ ಥೈರಾಯ್ಡ್ ಕಾಲರ್ ವಾಡಿಕೆಯಾಗಿ ಬೇಕಿಲ್ಲ ಎಂದು ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2024ರಲ್ಲಿ ಹೇಳಿತು. ಒಪಿಜಿಯಲ್ಲಿ ಕಾಲರ್ ಕಿರಣಕ್ಕೇ ಅಡ್ಡ ಬಂದು ಚಿತ್ರ ಮರಳಿ ತೆಗೆಯಬೇಕಾಗುತ್ತದೆ. ಅದಕ್ಕಿಂತ ಹೆಚ್ಚು ಪ್ರಯೋಜನದ್ದು, ಕಿರಣವನ್ನು ಫಿಲ್ಮಿನ ಅಳತೆಗೆ ಕಿರಿದಾಗಿಸುವ ಆಯತಾಕಾರದ ಕಾಲಿಮೇಟರ್. 6 ಸೆಂ.ಮೀ. ವ್ಯಾಸದ ದುಂಡು ಟ್ಯೂಬಿನಿಂದ ಹೊರಡುವ ಕಿರಣದಲ್ಲಿ ಅರ್ಧಕ್ಕಿಂತ ಹೆಚ್ಚು ಫಿಲ್ಮಿನ ಆಚೆ ಬಿದ್ದು ವ್ಯರ್ಥವಾಗುತ್ತದೆ. ಡಿಜಿಟಲ್ ಬಂದ ಮೇಲೆ ಇನ್ನೊಂದು ಸಮಸ್ಯೆ. ಹಿಂದೆ ಕಿರಣ ಹೆಚ್ಚಾದರೆ ಫಿಲ್ಮ್ ಕರ್ರಗಾಗಿ ತಪ್ಪು ಬಯಲಾಗುತ್ತಿತ್ತು. ಈಗ ಫಿಲ್ಮಿನ ಬದಲು ಬಳಸುವ ಫಾಸ್ಫರ್ ಪ್ಲೇಟಿನ ಸಾಫ್ಟ್‌ವೇರ್ ಅದನ್ನು ತಿದ್ದಿ ಅಂದವಾಗಿ ತೋರಿಸುವುದರಿಂದ, ಹೆಚ್ಚು ಕಿರಣ ಕೊಡುತ್ತಿರುವುದು ಯಾರ ಗಮನಕ್ಕೂ ಬರುವುದಿಲ್ಲ.

ಕೊನೆಯದಾಗಿ, ಎಕ್ಸ್‌ರೇಯನ್ನು ಮೊಬೈಲಿನಲ್ಲಿ ಫೋಟೊ ಹಿಡಿದು ವಾಟ್ಸ್ಆ್ಯಪ್‌ನಲ್ಲಿ ಕಳಿಸುವವರ ಗಮನಕ್ಕೆ: ಫಿಲ್ಮಿನ ಮೂಲೆಯಲ್ಲಿ ಉಬ್ಬಿದ ಒಂದು ಚುಕ್ಕಿ ಇರುತ್ತದೆ. ಉಬ್ಬು ನಿಮ್ಮ ಕಡೆಗಿರುವಂತೆ ಹಿಡಿದರೆ ಮಾತ್ರ ಬಲ–ಎಡ ಸರಿ. ತಿರುವಿ ಹಿಡಿದರೆ ಬಲದ ಹಲ್ಲು ಎಡದ್ದಾಗುತ್ತದೆ. ಸಿಬಿಸಿಟಿ ಮಾಡಿಸಿದವರು ಕಾಗದದ ಮೇಲೆ ಮುದ್ರಿಸಿದ ನಾಲ್ಕು ಚಿತ್ರಗಳಿಗೆ ತೃಪ್ತರಾಗದೆ ಪೂರ್ತಿ ಡೈಕಾಮ್ ಕಡತ (ಸ್ಕ್ಯಾನಿನ ಮೂಲ ಡಿಜಿಟಲ್ ದಾಖಲೆ) ಮತ್ತು ಲಿಖಿತ ವರದಿ ಕೇಳಿ ಪಡೆಯಲಿ. ಹಳೆಯ ಫಿಲ್ಮುಗಳನ್ನೂ ಎಸೆಯಬೇಡಿ. ದವಡೆಯಲ್ಲಿ ಈಗ ಕಂಡ ಕಲೆ ಐದು ವರ್ಷದ ಹಿಂದೆಯೂ ಅಷ್ಟೇ ಇತ್ತೇ ಎಂದು ನೋಡಲು ಬೇರೆ ದಾರಿಯಿಲ್ಲ.

– ಬಾಯಿ ಮತ್ತು ದವಡೆ ರೇಡಿಯಾಲಜಿ ವಿಭಾಗದ ವೈದ್ಯರು