ಪಕ್ಕದ ಕೊಠಡಿಯ ಮೇಷ್ಟ್ರಿಗೆ ಧನ್ಯವಾದ

ಅಮೆರಿಕದ ಸೌತ್ ಕ್ಯಾರೊಲಿನಾ ರಾಜ್ಯದ ಸರ್ಕಾರಿ ಶಾಲೆಯಲ್ಲಿ ನನ್ನ ಶಿಕ್ಷಕ ಕೆಲಸ ಈ ತಿಂಗಳು ಮುಗಿಯಿತು. ವೀಸಾ ಅವಧಿ ಮುಗೀತು, ಊರಿಗೆ ಹೊರಟಿದ್ದೇನೆ. ಇಲ್ಲಿ ಶಿಕ್ಷಕರ ಕೊರತೆ ಜಾಸ್ತಿ. ಅದಕ್ಕೇ ನಮ್ಮಂಥವರನ್ನು ಭಾರತದಿಂದ ಕರೆಸಿಕೊಳ್ಳುತ್ತಾರೆ. ಹೊಸ ಜಾಗದಲ್ಲಿ ನನಗೆ ಧೈರ್ಯ ತುಂಬಿದವರು ಪಕ್ಕದ ಕೊಠಡಿಯ ಮೇಷ್ಟ್ರು. ಅವರಿಗೆ ಎಲ್ಲರೆದುರೇ ಥ್ಯಾಂಕ್ಸ್ ಹೇಳಬೇಕು ಅನಿಸಿತು.

ಅವರು ಕಪ್ಪು ಜನಾಂಗದವರು. ಅಮೆರಿಕದ ಸರ್ಕಾರಿ ಶಾಲೆಗಳ ನೂರು ಶಿಕ್ಷಕರಲ್ಲಿ ಇಂಥ ಗಂಡಸರು ಇಬ್ಬರೂ ಸಿಗುವುದಿಲ್ಲ. ಬಣ್ಣ ನೋಡಿ ಮಕ್ಕಳಿಗೆ ಬೇರೆ ಬೇರೆ ಸರ್ಕಾರಿ ಶಾಲೆ ಮಾಡುವುದು ತಪ್ಪು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲಿ ಕೊಟ್ಟ ಬ್ರೌನ್ ತೀರ್ಪಿನ ನಂತರ ಬಿಳಿ, ಕಪ್ಪು ಮಕ್ಕಳನ್ನು ಒಂದೇ ಶಾಲೆಗೆ ಸೇರಿಸುವಾಗ, ದಕ್ಷಿಣದ ರಾಜ್ಯಗಳಲ್ಲಿ ಮುಚ್ಚಿದ್ದು ಹೆಚ್ಚಾಗಿ ಕಪ್ಪು ಮಕ್ಕಳ ಶಾಲೆಗಳನ್ನೇ. ಮಕ್ಕಳನ್ನು ಸೇರಿಸಿಕೊಂಡರು, ಅವರ ಮೇಷ್ಟ್ರುಗಳನ್ನು ಮನೆಗೆ ಕಳಿಸಿದರು. ಸಾವಿರಾರು ಜನ ಕೆಲಸ ಕಳೆದುಕೊಂಡರು.

ನಮ್ಮ ಮೇಷ್ಟ್ರು 'ಕಾಲ್ ಮಿ ಮಿಸ್ಟರ್' ಕಾರ್ಯಕ್ರಮದಲ್ಲಿ ಓದಿದವರು. ಮುಖ್ಯವಾಗಿ ಕಪ್ಪು ಯುವಕರನ್ನು ಶಿಕ್ಷಕರಾಗಿ ತಯಾರು ಮಾಡುವ ಕಾರ್ಯಕ್ರಮ ಅದು. 2000ದ ಸುಮಾರಿಗೆ ಇದೇ ರಾಜ್ಯದ ಕ್ಲೆಮ್ಸನ್ ವಿಶ್ವವಿದ್ಯಾಲಯವು ಕ್ಲಾಫ್ಲಿನ್, ಬೆನೆಡಿಕ್ಟ್, ಮಾರಿಸ್ ಎಂಬ ಕಪ್ಪು ಜನರ ಹಳೆಯ ಕಾಲೇಜುಗಳ ಜೊತೆ ಸೇರಿ ಅದನ್ನು ಶುರು ಮಾಡಿತು. ಫೀಸಿಗೆ ಸಾಲದ ರೂಪದಲ್ಲಿ ನೆರವು ಕೊಡುತ್ತಾರೆ. ನೆರವು ಪಡೆದಷ್ಟು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದರೆ ಸಾಲ ಮನ್ನಾ. ದುಡ್ಡಿಗಿಂತ ಜೊತೆಗಾರರೇ ಮುಖ್ಯ ಅನ್ನುತ್ತಿದ್ದರು ಮೇಷ್ಟ್ರು. ಒಟ್ಟಿಗೆ ಓದಿದ ಗೆಳೆಯರು ಇವತ್ತಿಗೂ ಭಾನುವಾರ ಸಂಜೆ ಫೋನಿನಲ್ಲಿ ಸೇರುತ್ತಾರೆ.

ಇಂಥ ಮೇಷ್ಟ್ರುಗಳಿಗೆ ಗೆಳೆಯರ ಆ ಆಸರೆ ಬೇಕೇ ಬೇಕು. ಯಾವ ತರಗತಿಯಲ್ಲಿ ಹುಡುಗ ಗಲಾಟೆ ಮಾಡಿದರೂ ಉಳಿದ ಶಿಕ್ಷಕರು "ಮಿಸ್ಟರ್ ಹತ್ತಿರ ಕಳಿಸಿ" ಅಂತ ಇವರ ಕಡೆ ಬೆರಳು ತೋರಿಸುತ್ತಾರೆ. ಪಾಠ ಹೇಳಲು ಬಂದವರನ್ನು ಪೊಲೀಸ್ ಮಾಡಿದರೆ ಹೇಗೆ? ಹೀಗೆ ದಣಿದು ಕೆಲಸ ಬಿಟ್ಟವರೂ ಇದ್ದಾರೆ.

ನನ್ನ ತರಗತಿಯ ಹುಡುಗನೊಬ್ಬ ಲೆಕ್ಕದ ಹಾಳೆ ಹರಿದು ಎಸೆದ ದಿನ ಅವರಾಗೇ ಬಂದರು. ಗದರಲಿಲ್ಲ. ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಮಡಚಿ ಅವನ ಪಕ್ಕ ಕೂತರು. ಚೂರುಗಳನ್ನು ಜೋಡಿಸಿ ಟೇಪ್ ಹಚ್ಚಿದರು. "ಎಲ್ಲಿ ಕಷ್ಟ ಆಯ್ತು, ಸರ್?" ಎಂದು ಕೇಳಿದರು. ಒಂಬತ್ತು ವರ್ಷದ ಹುಡುಗನಿಗೆ ಸರ್! ಅವನು 402ರಲ್ಲಿ 178 ಕಳೆಯುವ ಲೆಕ್ಕ ತೋರಿಸಿದ. ಮಧ್ಯದಲ್ಲಿ ಸೊನ್ನೆ ಇದ್ದರೆ ದಶಕ ಎಲ್ಲಿಂದ ತರಬೇಕು ಅಂತ ಅವನಿಗೆ ಗೊತ್ತಿರಲಿಲ್ಲ, ಅಷ್ಟೇ. ಆಮೇಲೆ ನನ್ನ ಬೋರ್ಡಿನಲ್ಲೇ ಅದನ್ನು ಇಡೀ ತರಗತಿಗೆ ಹೇಳಿಕೊಟ್ಟರು. ಕಲಿಸುವುದು ಹೇಗೆಂದು ನಾನೂ ಅವತ್ತು ಕಲಿತೆ.

ನಮ್ಮ ಪ್ರಿನ್ಸಿಪಾಲರಿಗೂ ಧನ್ಯವಾದ. ಮೇಷ್ಟ್ರ ಬಿಡುವಿನ ಪೀರಿಯಡ್ಡಿನಲ್ಲಿ ಯಾರೂ ಮಕ್ಕಳನ್ನು ಅವರ ಹತ್ತಿರ ಅಟ್ಟಬಾರದು ಅಂತ ಈ ವರ್ಷ ಕಟ್ಟುನಿಟ್ಟು ಮಾಡಿದರು.

ಮೇಷ್ಟ್ರೇ, ಆಗಸ್ಟಿನಲ್ಲಿ ನನ್ನ ಜಾಗಕ್ಕೆ ನಿಮ್ಮ ಕಾರ್ಯಕ್ರಮದ ಹೊಸಬರೊಬ್ಬರು ಬರುತ್ತಾರೆ ಅಂತ ಕೇಳಿ ತುಂಬಾ ಖುಷಿಯಾಯಿತು. ಲೆಕ್ಕದ ಸಾಮಾನೆಲ್ಲ ಬೀರುವಿನಲ್ಲೇ ಬಿಟ್ಟಿದ್ದೇನೆ, ಅವರಿಗೆ ಹೇಳಿ.