ಹ್ಯೂಸ್ಟನ್ ಕೂಗರ್ಸ್ ಹುಡುಗರಿಗೂ, ನಮ್ಮ ಭಾನುವಾರದ ಕನ್ನಡ ಶಾಲೆಯವರಿಗೂ

2022ರ ಮಾರ್ಚ್ 26ರ ಶನಿವಾರ ಸ್ಯಾನ್ ಆಂಟೋನಿಯೊದಲ್ಲಿ ನಮ್ಮ ಹ್ಯೂಸ್ಟನ್ ಯೂನಿವರ್ಸಿಟಿಯ ಬಾಸ್ಕೆಟ್‌ಬಾಲ್ ತಂಡ ಕೂಗರ್ಸ್‌ನ ಹುಡುಗರು ವಿಲನೋವಾ ಎದುರು 50–44ರಲ್ಲಿ ಸೋತರು. ಗೆದ್ದಿದ್ದರೆ ಫೈನಲ್ ಫೋರ್, ಅಂದರೆ ದೇಶದ ಕಾಲೇಜು ಟೂರ್ನಿಯ ಕೊನೆಯ ನಾಲ್ಕು ತಂಡಗಳಲ್ಲಿ ಒಂದು. ಬೇಸರ ಇನ್ನೂ ಹೋಗಿಲ್ಲ. ಆದರೂ 2021–22ರ ಈ ಸೀಸನ್ ಬಗ್ಗೆ ನನ್ನ ಹತ್ತಿರ ಇರುವುದು ಒಂದೇ ಮಾತು, ಥ್ಯಾಂಕ್ಸ್. ಬಾಸ್ಕೆಟ್‌ಬಾಲ್ ನೋಡದ ಗೆಳೆಯರಿಗೂ ತಿಳಿಯಲಿ ಅಂತ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಡಿಸೆಂಬರ್‌ನಲ್ಲಿ ಮಾರ್ಕಸ್ ಸ್ಯಾಸರ್ ಕಾಲಿನ ಬೆರಳು ಮುರಿಯಿತು. ತಂಡದಲ್ಲಿ ಎಲ್ಲರಿಗಿಂತ ಜಾಸ್ತಿ ಪಾಯಿಂಟ್ ಮಾಡುತ್ತಿದ್ದವನು ಅವನೇ, ಪಂದ್ಯಕ್ಕೆ ಸರಾಸರಿ 17.7. ಇಡೀ ಸೀಸನ್‌ಗೆ ಅವನಿಲ್ಲ ಅಂದರು. ಅದರ ಬೆನ್ನಿಗೇ ಟ್ರಾಮನ್ ಮಾರ್ಕ್ ಭುಜದ ಗಾಯದಿಂದ ಹೊರಗಾದ. ಅವನೂ ಸ್ಯಾಸರ್ ಹಾಗೆ ಗಾರ್ಡ್, ಅಂದರೆ ಬುಟ್ಟಿಯಿಂದ ದೂರ ನಿಂತು ಚೆಂಡು ನಡೆಸುವವನು, ಅವನೂ ಚೆನ್ನಾಗಿ ಪಾಯಿಂಟ್ ಮಾಡುವವನು. ಹಿಂದಿನ ವರ್ಷ ಫೈನಲ್ ಫೋರ್‌ಗೆ ಹೋಗಿದ್ದ ತಂಡದಿಂದ ಕ್ವೆಂಟಿನ್ ಗ್ರೈಮ್ಸ್, ಡಿಜಾನ್ ಜೆರೋ, ಜಸ್ಟಿನ್ ಗೋರಮ್ ಆಗಲೇ ಬಿಟ್ಟು ಹೋಗಿದ್ದರು. ಈಗ ಆಡುವವರಲ್ಲಿ ಕೆಲವರು ಬೇರೆ ಕಾಲೇಜುಗಳಿಂದ ಹೊಸದಾಗಿ ಬಂದವರು. ಈ ವರ್ಷ ಇನ್ನೇನೂ ಇಲ್ಲ ಅಂತಲೇ ಊರಲ್ಲಿ ಮಾತಾಡಿಕೊಂಡರು.

ಆ ಹುಡುಗರು ಮಾಡಿದ್ದರಲ್ಲಿ ನನಗೆ ತುಂಬ ಹಿಡಿಸಿದ್ದು ಏನು ಗೊತ್ತಾ? ಯಾರೂ ಸ್ಯಾಸರ್ ಆಗಲು ಹೋಗಲಿಲ್ಲ. ಅವನ ಕೆಲಸವನ್ನು ಹಂಚಿಕೊಂಡರು. ದೂರದಿಂದ ಹೊಡೆಯುವುದನ್ನು ಟೆಕ್ಸಾಸ್ ಟೆಕ್‌ನಿಂದ ಬಂದ ಕೈಲರ್ ಎಡ್ವರ್ಡ್ಸ್ ಹೊತ್ತ. ಚೆಂಡು ನಡೆಸುವ ಹೊಣೆ ಜಮಾಲ್ ಶೆಡ್ ಹೆಗಲಿಗೆ ಬಿತ್ತು. ಆಗ ಅವನಿಗೆ ಕಾಲೇಜಿನಲ್ಲಿ ಎರಡನೇ ವರ್ಷ. ಬೇಕರ್ಸ್‌ಫೀಲ್ಡ್‌ನಿಂದ ಬಂದ ಟೇಜ್ ಮೂರ್ ಬುಟ್ಟಿಯತ್ತ ನುಗ್ಗಿ ನುಗ್ಗಿ ಆಡಿದ. ಕನೆಕ್ಟಿಕಟ್‌ನಿಂದ ಬಂದ ಜಾಶ್ ಕಾರ್ಲ್‌ಟನ್, ನಮ್ಮೂರವನೇ ಆದ ಫೇಬಿಯನ್ ವೈಟ್, ಇಬ್ಬರೂ ಬುಟ್ಟಿಯ ಕೆಳಗೆ ನಿಂತು ಕಾವಲು ಕಾದರು. ವೈಟ್ 2020ರಲ್ಲಿ ಮಂಡಿಯ ಲಿಗಮೆಂಟ್ ಹರಿದುಕೊಂಡು ತಿಂಗಳುಗಟ್ಟಲೆ ಆಟ ಬಿಟ್ಟಿದ್ದವನು. ಬೆಂಚಿನಿಂದ ಎದ್ದು ಬರುತ್ತಿದ್ದ ಜೆವಾನ್ ರಾಬರ್ಟ್ಸ್, ರೆಜಿ ಚೇನಿ ಹೆಸರು ಪೇಪರ್‌ನ ಹೆಡ್ಡಿಂಗ್‌ನಲ್ಲಿ ಬಂದದ್ದು ಕಡಿಮೆ. ಎದುರಾಳಿಯ ದೊಡ್ಡ ಆಳುಗಳನ್ನು ತಳ್ಳಿ, ತಡೆದು, ಮೈ ನೋಯಿಸಿಕೊಂಡವರು ಅವರು.

ಕೋಚ್ ಕೆಲ್ವಿನ್ ಸ್ಯಾಂಪ್ಸನ್ ಅವರ ಪ್ರಾಕ್ಟೀಸ್ ಬಗ್ಗೆ ಒಂದು ವಿಷಯ ಹೇಳಲೇಬೇಕು. ಅವರು ಬುಟ್ಟಿಯ ರಿಂಗ್ ಮೇಲೆ ಪ್ಲಾಸ್ಟಿಕ್ ಮುಚ್ಚಳ ಹಾಕಿಸುತ್ತಾರೆ. ಆಮೇಲೆ ಯಾರು ಹೇಗೇ ಹೊಡೆದರೂ ಚೆಂಡು ಒಳಗೆ ಹೋಗುವುದಿಲ್ಲ. ಪ್ರತಿ ಸಲವೂ ಪುಟಿದು ಹೊರಗೆ ಬರುತ್ತದೆ. ಆ ಚೆಂಡಿಗಾಗಿ ಹುಡುಗರು ಬಡಿದಾಡಬೇಕು. ನೆಲದ ಮೇಲೆ ಉರುಳುವ ಚೆಂಡಿಗೆ ಹಾರಿ ಬೀಳುವುದನ್ನೂ ಹಾಗೇ ಕಲಿಸುತ್ತಾರೆ. ಗುರಿ ತಪ್ಪಿದ ಮೇಲೆ ಏನು ಮಾಡಬೇಕು ಅನ್ನುವುದನ್ನೇ ಒಂದು ಪಾಠ ಮಾಡಿಬಿಟ್ಟಿದ್ದಾರೆ. ಒಳ್ಳೆ ಶೂಟರ್ ಇಲ್ಲದ ದಿನ ತಂಡವನ್ನು ಕಾಪಾಡುವುದು ಇದೇ ಅಲ್ವಾ? ಚೆಂಡು ಒಳಗೆ ಬೀಳುವುದು ಬಿಡುವುದು ಆಯಾ ದಿನದ ಮಾತು. ರಿಬೌಂಡ್ (ಹೀಗೆ ಪುಟಿದ ಚೆಂಡು ಹಿಡಿಯುವುದು) ಮತ್ತು ಡಿಫೆನ್ಸ್ ಹಾಗಲ್ಲ, ದಿನಾ ಮಾಡಬಹುದು, ಯಾರು ಬೇಕಾದರೂ ಮಾಡಬಹುದು. ಸ್ಯಾಂಪ್ಸನ್ 2014ರಲ್ಲಿ ಇಲ್ಲಿಗೆ ಬಂದಾಗ ಈ ಕಾಲೇಜು 1984ರಿಂದ ಎನ್‌ಸಿಎಎ ಅನ್ನುವ ಆ ದೇಶಮಟ್ಟದ ಕಾಲೇಜು ಟೂರ್ನಿಯಲ್ಲಿ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಹಕೀಮ್ ಒಲಾಜುವಾನ್, ಕ್ಲೈಡ್ ಡ್ರೆಕ್ಸ್‌ಲರ್‌ರಂಥ ದೊಡ್ಡ ಆಟಗಾರರು ಆಡಿಹೋದ ಕಾಲೇಜು ಇದು. 2018ರಲ್ಲಿ ಆ ಬರ ಮುಗಿಯಿತು. ಅದೇ ವರ್ಷ ಕ್ಯಾಂಪಸ್‌ನಲ್ಲಿ ತಂಡದ ಆಟದ ಅಂಗಣ ಫರ್ಟಿಟಾ ಸೆಂಟರ್ ತೆರೆಯಿತು.

ಸ್ಯಾಸರ್ ಇಲ್ಲದೆಯೇ ಇವರು ತಮ್ಮ ಕಾಲೇಜುಗಳ ಗುಂಪಾದ ಅಮೆರಿಕನ್ ಕಾನ್ಫರೆನ್ಸ್‌ನ ಲೀಗ್ ಗೆದ್ದರು. ಮೆಂಫಿಸ್ ಇವರನ್ನು ಲೀಗ್‌ನಲ್ಲಿ ಎರಡು ಸಲ ಸೋಲಿಸಿತ್ತು. ಅದೇ ಮೆಂಫಿಸನ್ನು ಕಾನ್ಫರೆನ್ಸ್ ಟೂರ್ನಿಯ ಫೈನಲ್‌ನಲ್ಲಿ 71–53ರಿಂದ ಸೋಲಿಸಿದರು. ಎನ್‌ಸಿಎಎ ಟೂರ್ನಿಯಲ್ಲಿ ಮೊದಲು ಯುಎಬಿ ಕಾಲೇಜಿನ ತಂಡವನ್ನು, ಆಮೇಲೆ ಇಲಿನಾಯ್ ತಂಡವನ್ನು ಸೋಲಿಸಿದರು. ಇಲಿನಾಯ್ ಎದುರು 68–53. ಆಮೇಲೆ ಬಂತು ಅರಿಜೋನಾ.

ಆ ಗುರುವಾರ ರಾತ್ರಿಯನ್ನು ನಾನು ಮರೆಯುವುದಿಲ್ಲ. ಅರಿಜೋನಾ ಒಂದನೇ ಸೀಡ್, ನಾವು ಐದನೇ ಸೀಡ್ (ಟೂರ್ನಿಗೆ ಮುಂಚೆ ತಂಡಗಳಿಗೆ ಕೊಡುವ ಸ್ಥಾನ). ಆ ವರ್ಷ ಅವರು ಪಂದ್ಯಕ್ಕೆ ಸರಾಸರಿ 80ಕ್ಕಿಂತ ಜಾಸ್ತಿ ಪಾಯಿಂಟ್ ಹೊಡೆಯುತ್ತಿದ್ದರು. ನಮ್ಮ ಹುಡುಗರು ಅವರನ್ನು 60ಕ್ಕೆ ನಿಲ್ಲಿಸಿದರು. ಶೆಡ್ 21, ಎಡ್ವರ್ಡ್ಸ್ 19. ಕೊನೆಗೆ 72–60. ಮನೆಯಲ್ಲಿ ಮಗಳು ಸೋಫಾ ಮೇಲೆ ನಿಂತು "ಗೋ ಕೂಗ್ಸ್" ಅಂತ ಕೂಗುತ್ತಿದ್ದಳು. ಕೆಳಗಿಳಿ ಅಂತ ನಾನೂ ಹೇಳಲಿಲ್ಲ, ಅವರಪ್ಪನೂ ಹೇಳಲಿಲ್ಲ.

ಈಗ ನನ್ನ ಮಾತು. ಈ ಹುಡುಗರ ಆಟ ನನಗೆ ಇಷ್ಟು ಹತ್ತಿರವಾಗಲು ಕಾರಣವಿದೆ. ನಾವು ಕೆಲವು ಮನೆಯವರು ಸೇರಿ ಭಾನುವಾರ ಮಕ್ಕಳಿಗೆ ಕನ್ನಡ ಶಾಲೆ ನಡೆಸುತ್ತೇವೆ. ಅದನ್ನು ಶುರುಮಾಡಿ ವರ್ಷಗಳ ಕಾಲ ನಡೆಸಿದವರು ಒಬ್ಬರು ಅಕ್ಕ. ಪಾಠ, ಹಾಡು, ನಾಟಕ, ಜಾಗದ ಬಾಡಿಗೆ, ತಂದೆತಾಯಿಗಳಿಗೆ ಫೋನ್, ಎಲ್ಲವೂ ಅವರದೇ. ಜನವರಿಯಲ್ಲಿ ಅವರ ಅಮ್ಮನಿಗೆ ಹುಷಾರು ತಪ್ಪಿತು. ಅಕ್ಕ ಮೈಸೂರಿಗೆ ಹೊರಟರು. ಯಾವಾಗ ವಾಪಸ್ ಬರುತ್ತಾರೋ ಹೇಳುವ ಹಾಗಿರಲಿಲ್ಲ. ಕೋವಿಡ್ ಬೇರೆ ಮತ್ತೆ ಜೋರಾಗಿತ್ತು. ಶಾಲೆ ನಿಲ್ಲಿಸಿಬಿಡೋಣ ಅನ್ನುವ ಮಾತು ಬಂತು. ಅಕ್ಕನ ಜಾಗಕ್ಕೆ ಬರಲು ನಮ್ಮಲ್ಲಿ ಯಾರಿಗೂ ಧೈರ್ಯವಿರಲಿಲ್ಲ.

ಒಂದು ರಾತ್ರಿ ಪಂದ್ಯ ಮುಗಿದ ಮೇಲೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಾಸನದ ಗೆಳೆಯರೊಬ್ಬರು ಬರೆದರು: "ಕೂಗರ್ಸ್ ಮಾಡ್ತಿರೋ ಹಾಗೆ ನಾವೂ ಹಂಚ್ಕೊಂಡ್ರೆ ಹೇಗೆ? ನಾನು ಕಾಗುಣಿತ ತಗೋತೀನಿ." ಅಷ್ಟೇ. ಒಬ್ಬೊಬ್ಬರೇ ಕೈ ಎತ್ತಿದರು. ಒಬ್ಬರು ಹಾಡು ತೆಗೆದುಕೊಂಡರು. ಹೈಸ್ಕೂಲ್ ಓದುವ ಹುಡುಗಿಯೊಬ್ಬಳು ಚಿಕ್ಕವರ ನೋಟ್‌ಬುಕ್ ತಿದ್ದುತ್ತೇನೆ ಅಂದಳು. ಮಗನ ಮನೆಗೆ ಬಂದಿದ್ದ ಹಾವೇರಿ ಕಡೆಯ ಅಜ್ಜಿ ಒಗಟು, ಗಾದೆ ಹೇಳಿಕೊಟ್ಟರು. ಈಗ ಮಕ್ಕಳ ಬಾಯಲ್ಲಿ "ಹೌದ್ರೀ" ನಿಂತುಬಿಟ್ಟಿದೆ, ಕೇಳಲು ಎಷ್ಟು ಚೆಂದ. ಇನ್ನೊಬ್ಬರು ಪಾಠ ಮಾಡಲು ನನಗೆ ಬರುವುದಿಲ್ಲ ಅಂದರು. ಪ್ರತಿ ವಾರ ಎಲ್ಲರಿಗಿಂತ ಮುಂಚೆ ಬಂದು ಬಾಗಿಲು ತೆರೆದು, ಕುರ್ಚಿ ಹಾಕಿ, ಜೆರಾಕ್ಸ್ ಹಾಳೆ ಜೋಡಿಸಿಟ್ಟರು. ಅವರಿಗೆ ನಾನು ವಿಶೇಷವಾಗಿ ಕೈ ಮುಗಿಯುತ್ತೇನೆ. ಎಲ್ಲರ ಎದುರು ನಿಂತು ಮಾತಾಡುವವರಿಗೆ ಚಪ್ಪಾಳೆ ಹೇಗೂ ಸಿಗುತ್ತದೆ. ಕುರ್ಚಿ ಹಾಕಿದವರಿಗೆ ಯಾರೂ ತಟ್ಟುವುದಿಲ್ಲ.

ಪಾಠ ಅಕ್ಕ ಮಾಡುವಷ್ಟು ಚೆನ್ನಾಗಿ ಆಯಿತು ಅಂತ ಹೇಳಲಾರೆ. ಆದರೆ ಒಂದು ಭಾನುವಾರವೂ ತಪ್ಪಲಿಲ್ಲ. ಅಕ್ಕನಿಗೆ ವಿಡಿಯೊ ಕಳಿಸಿದೆವು. ಅವರಿಂದ ಬಂದ ಉತ್ತರ ಇಷ್ಟೇ: "ನಾನು ಇಷ್ಟು ದಿನ ಒಬ್ಬಳೇ ಯಾಕೆ ಒದ್ದಾಡ್ತಿದ್ದೆ!" ಅಕ್ಕಾ, ನಿಮಗೂ ಥ್ಯಾಂಕ್ಸ್. ನೀವು ಹಾಕಿದ ದಾರಿ ಇದ್ದದ್ದರಿಂದಲೇ ನಮಗೆ ನಡೆಯಲು ಬಂತು. ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳಿ. ಶಾಲೆಯ ಚಿಂತೆ ಬೇಡ.

ವಿಲನೋವಾ ಪಂದ್ಯಕ್ಕೆ ಬರುತ್ತೇನೆ. ಅವತ್ತು ಮೂರು ಪಾಯಿಂಟ್ ಗೆರೆಯ ಆಚೆಯಿಂದ ನಮ್ಮವರು 20 ಸಲ ಹೊಡೆದರು, ಬಿದ್ದದ್ದು ಒಂದೇ. ವಿಲನೋವಾ ತನಗೆ ಸಿಕ್ಕ 15 ಫ್ರೀ ಥ್ರೋಗಳನ್ನೂ (ಫೌಲ್ ಆದಾಗ ಯಾರ ಅಡ್ಡಿಯೂ ಇಲ್ಲದೆ ಹೊಡೆಯುವ ಅವಕಾಶ) ಹಾಕಿತು. ಇಂಥ ದಿನ ಯಾವ ತಂಡವಾದರೂ 20 ಪಾಯಿಂಟ್‌ನಿಂದ ಸೋಲಬೇಕಿತ್ತು. ಇವರು ಆರರಿಂದ ಸೋತರು. ಸ್ಯಾಸರ್ ಇದ್ದಿದ್ದರೆ ಅಂತ ಅವತ್ತು ರಾತ್ರಿ ಎಷ್ಟೋ ಜನ ಅಂದರು. ಇದ್ದಿದ್ದರೆ ಗೆಲ್ಲುತ್ತಿದ್ದೆವೋ ಏನೋ. ನನಗೆ ಆ ಲೆಕ್ಕ ಬೇಡ. 32 ಗೆಲುವು, 6 ಸೋಲು. ಈ ಹುಡುಗರು ಆಡಿದ್ದು ನನಗೆ ಸಾಕು.

ಫೇಬಿಯನ್ ವೈಟ್, ಜಾಶ್ ಕಾರ್ಲ್‌ಟನ್, ಟೇಜ್ ಮೂರ್, ನಿಮ್ಮ ಕಾಲೇಜು ದಿನಗಳು ಇಲ್ಲಿಗೆ ಮುಗಿದವು. ಮುಂದೆ ಯಾವ ಊರಲ್ಲಿ ಆಡುತ್ತೀರೋ, ಆಡುತ್ತೀರೋ ಇಲ್ಲವೋ, ಚೆನ್ನಾಗಿರಿ. ಕಾರ್ಲ್‌ಟನ್, ಮೂರ್ ಇಬ್ಬರೂ ಈ ಊರಿನಲ್ಲಿ ಆಡಿದ್ದು ಒಂದೇ ವರ್ಷ. ಆ ಒಂದು ವರ್ಷಕ್ಕೆ ನಾವು ಋಣಿಗಳು. ಮಾರ್ಕಸ್, ಟ್ರಾಮನ್, ಗಾಯ ಪೂರ್ತಿ ವಾಸಿಯಾಗಲಿ, ಆತುರ ಬೇಡ. ಕೋಚ್ ಸ್ಯಾಂಪ್ಸನ್ ಅವರಿಗೆ, ಅವರ ಸಹಾಯಕರಿಗೆ, ಫರ್ಟಿಟಾ ಸೆಂಟರ್‌ನಲ್ಲಿ ನಿಂತೇ ಪಂದ್ಯ ನೋಡಿ ಗಂಟಲು ಹರಿದುಕೊಂಡ ವಿದ್ಯಾರ್ಥಿಗಳಿಗೆ ನಮ್ಮ ಕನ್ನಡ ಶಾಲೆಯ ದೊಡ್ಡವರು, ಚಿಕ್ಕವರು ಎಲ್ಲರ ನಮಸ್ಕಾರ. ನವೆಂಬರ್‌ನಲ್ಲಿ ಹೊಸ ಸೀಸನ್ ಶುರುವಾದಾಗ ಮಕ್ಕಳನ್ನೆಲ್ಲ ಒಂದು ಪಂದ್ಯಕ್ಕೆ ಕರೆದುಕೊಂಡು ಹೋಗೋಣ ಅಂತ ಮಾತಾಗಿದೆ. ಹ್ಯೂಸ್ಟನ್‌ನಲ್ಲಿರುವ ಕನ್ನಡದವರು ಯಾರಾದರೂ ಜೊತೆಗೆ ಬರುವುದಾದರೆ ಹೇಳಿ, ಟಿಕೆಟ್ ಒಟ್ಟಿಗೇ ತೆಗೆಸೋಣ.