ಹಮಾಲಿಗಳ ಉಸಿರು ಅಳೆಯಲು ಒಂದು ಕೋಣೆ ಕೊಡಿ

ಸಂಪಾದಕರೇ,

ನಾನು ಮುಳಬಾಗಿಲು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ಪಿ.ಟಿ. ಮೇಷ್ಟ್ರು. ವಯಸ್ಸು 41. ಎರಡು ವರ್ಷದಿಂದ ಕೆಲಸದ ಜೊತೆಗೇ ವ್ಯಾಯಾಮ ವಿಜ್ಞಾನದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ಯುಜಿಸಿಯ 2022ರ ನಿಯಮದಲ್ಲಿ ಅರೆಕಾಲಿಕ ಓದಿಗೆ ಅವಕಾಶ ಇದೆ. ಇಲಾಖೆಯಿಂದ ಎನ್‌ಒಸಿ ತಂದೆ, ಕೋರ್ಸ್‌ವರ್ಕ್ ಮುಗಿಸಿದೆ. ತೊಡಕು ಶುರುವಾಗಿದ್ದು ಆಮೇಲೆ.

ನನ್ನ ವಿಷಯ ಕೋಲಾರ ಎಪಿಎಂಸಿಯ ಟೊಮೆಟೊ ಹಮಾಲಿಗಳು. ನಮ್ಮಪ್ಪ ಅಲ್ಲೇ ದುಡಿದವರು. 58ಕ್ಕೆ ಹೃದಯಾಘಾತವಾಗಿ ತೀರಿಕೊಂಡರು. ‘ಅಷ್ಟು ಮೈ ಬಗ್ಗಿಸಿ ದುಡಿದ ಮನುಷ್ಯನಿಗೆ ಹಾರ್ಟ್ ಅಟ್ಯಾಕ್ ಹೆಂಗಾಯ್ತು?’ ಅಂತ ಅಮ್ಮ ಈಗಲೂ ಕೇಳುತ್ತಾರೆ.

1953ರಲ್ಲಿ ಜೆರ‍್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಬಸ್ ಸಿಬ್ಬಂದಿಯ ಅಧ್ಯಯನ ಪ್ರಕಟಿಸಿದರು. ಡಬಲ್ ಡೆಕ್ಕರ್ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರ್‌ಗಳಿಗೆ, ಕೂತೇ ಇರುವ ಡ್ರೈವರ್‌ಗಳಿಗಿಂತ ಹೃದ್ರೋಗ ಕಡಿಮೆ ಇತ್ತು. ಹಾಗಾದರೆ ಹಮಾಲಿಗಳ ಎದೆ ಗಟ್ಟಿ ಇರಬೇಕು. ಆದರೆ ಈಚೆಗೆ ಡೆನ್ಮಾರ್ಕ್‌ನಲ್ಲಿ ನಡೆದ ಅಧ್ಯಯನಗಳು ಬೇರೆಯೇ ಹೇಳುತ್ತವೆ. ಬಿಡುವಿನಲ್ಲಿ ಮಾಡುವ ವ್ಯಾಯಾಮ ಹೃದಯವನ್ನು ಕಾಯುತ್ತದೆ, ದಿನವಿಡೀ ಭಾರ ಎತ್ತುವ ದುಡಿಮೆ ಹಾಗೆ ಕಾಯುವುದಿಲ್ಲ. ಸುಧಾರಿಸಿಕೊಳ್ಳಲು ಸಮಯವಿಲ್ಲದೆ ನಾಡಿಬಡಿತ, ಬಿ.ಪಿ. ಗಂಟೆಗಟ್ಟಲೆ ಏರಿಯೇ ಇರುವುದು ಒಂದು ಕಾರಣ ಇರಬಹುದಂತೆ. 15 ಕೆ.ಜಿ. ಬಾಕ್ಸ್‌ಗಳನ್ನು ಲಾರಿಗೆ ತುಂಬುತ್ತಲೇ ಇರುವ ನಮ್ಮವರ ಮೇಲೂ ಇದನ್ನು ಅಳೆದು ನೋಡಬೇಕು, ಅಲ್ವಾ?

ದುಡಿಮೆ ದೇಹಕ್ಕೆ ಎಷ್ಟು ಭಾರವಾಗುತ್ತಿದೆ ಎಂದು ತಿಳಿಯಲು, ಉಸಿರಿನಲ್ಲಿ ಎಷ್ಟು ಆಮ್ಲಜನಕ ಖರ್ಚಾಯಿತು ಎಂದು ಲೆಕ್ಕ ಹಾಕುವ ಯಂತ್ರ ಬೇಕು. ನಾನು ಓದುತ್ತಿರುವ ವಿಭಾಗದಲ್ಲಿ ಅದಿಲ್ಲ. ‘ಸುಮ್ನೆ ಪ್ರಶ್ನಾವಳಿ ಹಂಚಿ ಮುಗಿಸಿ, ಎಲ್ಲರೂ ಅದನ್ನೇ ಮಾಡೋದು’ ಅಂತ ಅಲ್ಲಿನವರು ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ನಾಡಿಬಡಿತ ಎಷ್ಟು ಏರುತ್ತದೆ ಎಂದು ಕೇಳಿದರೆ ಹಮಾಲಿ ಅಣ್ಣಂದಿರು ಏನು ತಾನೇ ಬರೆದಾರು? ಬೆಂಗಳೂರಿನ ಲ್ಯಾಬ್‌ಗೆ ಕರೆದುಕೊಂಡು ಹೋದರೆ ಅವರ ಒಂದು ದಿನದ ಕೂಲಿ ಹೋಗುತ್ತದೆ. ಆರು ಜನಕ್ಕೆ ನನ್ನ ಸಂಬಳದಿಂದ ಕೊಟ್ಟೆ. ಬೇಕಿರುವುದು 60 ಜನ.

ಈಗ ಬಡಗಿಯ ಹತ್ತಿರ ಹದಿನಾರೂಕಾಲು ಇಂಚು ಎತ್ತರದ ಮರದ ಮೆಟ್ಟಿಲು ಮಾಡಿಸಿ ಮಂಡಿಯಲ್ಲಿ ಇಟ್ಟಿದ್ದೇನೆ. ನಿಮಿಷಕ್ಕೆ 24 ಸಲದಂತೆ ಮೂರು ನಿಮಿಷ ಹತ್ತಿಳಿಸಿ, ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತೇನೆ. ಆ ಎಣಿಕೆಯಿಂದ ದೇಹ ಎಷ್ಟು ಆಮ್ಲಜನಕ ಬಳಸಬಲ್ಲದು ಎಂದು ಲೆಕ್ಕ ಹಾಕುವ ಪರೀಕ್ಷೆ ಇದು. ಅಂದಾಜಿಗೆ ಸರಿ. ಆದರೆ ಆ ಪರೀಕ್ಷೆಯ ಲೆಕ್ಕ ಕಟ್ಟಿದ್ದು ಕಾಲೇಜು ಹುಡುಗರ ಮೇಲೆ. ಐವತ್ತು ದಾಟಿದವರಿಗೆ ಅದನ್ನು ಹಾಗೇ ಹಚ್ಚಲು ಆಗುವುದಿಲ್ಲ.

ಕ್ರೀಡಾ ಇಲಾಖೆ ಮತ್ತು ಉನ್ನತ ಶಿಕ್ಷಣ ಇಲಾಖೆ ಸೇರಿ ಕೋಲಾರದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಒಂದು ಕೋಣೆ, ಒಂದು ಯಂತ್ರ, ಅದನ್ನು ನಡೆಸಬಲ್ಲ ಒಬ್ಬರನ್ನು ಕೊಡಲಿ. ಸಂಶೋಧನೆ ಮಾಡುವವರಿಗೆ ಮಾತ್ರ ಅಲ್ಲ, ಅಲ್ಲಿ ಬೆಳಗ್ಗೆ ಓಡಲು ಬರುವ ಮಕ್ಕಳಿಗೂ ಅದು ಬೇಕು. ಮಂಡಿಯಿಂದ ಕೆಲಸ ಮುಗಿಸಿ ಹಮಾಲಿಗಳು ಆಟೊದಲ್ಲಿ ಬಂದು ಹೋಗಬಹುದು, ಕೂಲಿ ಕಳೆದುಕೊಳ್ಳಬೇಕಿಲ್ಲ.

ನಿಯಮದ ಪ್ರಕಾರ ಆರು ವರ್ಷದೊಳಗೆ ಪ್ರಬಂಧ ಒಪ್ಪಿಸಬೇಕು. ನನಗಿನ್ನು ನಾಲ್ಕು ಉಳಿದಿವೆ.

– ಒಬ್ಬ ದೈಹಿಕ ಶಿಕ್ಷಣ ಶಿಕ್ಷಕ, ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ